ಥೀಸಿಸ್ ಫಾರ್ಮ್ಯಾಟಿಂಗ್: ಒಂದು ನಂಬರನ್ನೂ ಕೈಯಲ್ಲಿ ಟೈಪ್ ಮಾಡಬೇಡಿ

ನನ್ನ ಥೀಸಿಸ್‌ನ ಒಂದು ಪ್ರತಿ ಇವತ್ತಿಗೂ ಕಪಾಟಿನಲ್ಲಿದೆ. ಅದರ ಮೂರನೇ ಅಧ್ಯಾಯದಲ್ಲಿ, ಒಂದು ವಾಕ್ಯದ ನಟ್ಟನಡುವೆ, ದಪ್ಪ ಅಕ್ಷರದಲ್ಲಿ "ಎರರ್! ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್" ಅಂತ ಅಚ್ಚಾಗಿದೆ. ಹಿಂದಿನ ರಾತ್ರಿ ಸ್ಕ್ರೀನ್ ಮೇಲೆ ನೋಡಿದಾಗ ಅದೇ ಜಾಗದಲ್ಲಿ "ಚಿತ್ರ 3.4" ಅಂತಲೇ ಇತ್ತು. ಆಗಿದ್ದಿಷ್ಟು: ಆ ಚಿತ್ರ ಬೇಡ ಅಂತ ಅಳಿಸಿದ್ದೆ, ಅದನ್ನು ನೋಡಿ ಅಂತ ಹೇಳುವ ವಾಕ್ಯವನ್ನು ಅಳಿಸಲು ಮರೆತಿದ್ದೆ. ಪ್ರಿಂಟ್ ಕೊಡುವ ಹೊತ್ತಿಗೆ ವರ್ಡ್ ಎಲ್ಲ ನಂಬರುಗಳನ್ನೂ ಇನ್ನೊಮ್ಮೆ ಲೆಕ್ಕ ಹಾಕಿತು, ಚಿತ್ರ ಸಿಗಲಿಲ್ಲ, ಸಿಗಲಿಲ್ಲ ಅಂತ ಬರೆದುಬಿಟ್ಟಿತು. ನಾನು ನೋಡಿದ್ದು ಬೈಂಡ್ ಆದ ಮೇಲೆ.

ಹಾಗಂತ ಆಟೋಮ್ಯಾಟಿಕ್ ನಂಬರ್ ಬೇಡ ಅಂತ ನಾನು ಹೇಳುವುದಿಲ್ಲ. ಹೇಳುವುದು ಉಲ್ಟಾ. ಕೈಯಲ್ಲಿ ಟೈಪ್ ಮಾಡಿದ್ದರೆ ಆ ಒಂದು ತಪ್ಪಿನ ಬದಲು, 3.4ರ ನಂತರದ ಎಲ್ಲ ಚಿತ್ರಗಳ ನಂಬರೂ ತಪ್ಪಾಗಿ, ಯಾರಿಗೂ ಗೊತ್ತಾಗದೆ ಹಾಗೇ ಉಳಿಯುತ್ತಿತ್ತು. ಎಣಿಸುವ ಕೆಲಸ ಕಂಪ್ಯೂಟರಿನದು. ನಿಮ್ಮ ಕೆಲಸ, ಯಾವುದು ಶೀರ್ಷಿಕೆ, ಯಾವುದು ಚಿತ್ರದ ಅಡಿಬರಹ, ಯಾವುದು ಉಲ್ಲೇಖ ಅಂತ ಅದಕ್ಕೆ ಹೇಳುವುದು. ಕೆಳಗಿನದೆಲ್ಲ ಹೆಚ್ಚುಕಡಿಮೆ ಇದೇ ಮಾತಿನ ವಿಸ್ತಾರ.

1. ಮೊದಲು ನಿಯಮಗಳನ್ನು ಒಂದೇ ಹಾಳೆಗೆ ಇಳಿಸಿ

ಬಹುತೇಕ ಎಲ್ಲ ವಿಶ್ವವಿದ್ಯಾಲಯಗಳೂ ಥೀಸಿಸ್ ಹೇಗಿರಬೇಕು ಅಂತ ಒಂದು ನಿಯಮಾವಳಿ ಕೊಡುತ್ತವೆ. ಅದನ್ನು ಬರವಣಿಗೆ ಮುಗಿದ ಮೇಲೆ ಓದುವವರೇ ಜಾಸ್ತಿ. ಹಾಗೆ ಮಾಡಬೇಡಿ. ಒಂದು ಪದವನ್ನೂ ಬರೆಯುವ ಮೊದಲು ಓದಿ, ಅದರಿಂದ ಇಷ್ಟನ್ನು ಒಂದು ಹಾಳೆಗೆ ಬರೆದುಕೊಳ್ಳಿ: ಹಾಳೆಯ ಅಳತೆ, ನಾಲ್ಕೂ ಕಡೆಯ ಮಾರ್ಜಿನ್, ಫಾಂಟ್ ಮತ್ತು ಸೈಜ್, ಸಾಲುಗಳ ಅಂತರ, ಪುಟಸಂಖ್ಯೆ ಎಲ್ಲಿ ಬರಬೇಕು, ಉಲ್ಲೇಖದ ಶೈಲಿ ಯಾವುದು, ಸಾರಾಂಶಕ್ಕೆ ಎಷ್ಟು ಪದದ ಮಿತಿ, ಕೊನೆಗೆ ಎಷ್ಟು ಪ್ರತಿ ಮತ್ತು ಯಾವ ರೀತಿಯ ಫೈಲ್ ಕೊಡಬೇಕು.

ಸಾಮಾನ್ಯವಾಗಿ ಕಾಣುವುದು ಎ4 ಹಾಳೆ, 12 ಪಾಯಿಂಟ್ ಅಕ್ಷರ, ಒಂದೂವರೆ ಅಥವಾ ಎರಡು ಸಾಲಿನ ಅಂತರ, ಎಡಕ್ಕೆ 1.5 ಇಂಚು, ಉಳಿದ ಮೂರು ಕಡೆ 1 ಇಂಚು ಮಾರ್ಜಿನ್. ಎಡಕ್ಕೆ ಆ ಅರ್ಧ ಇಂಚು ಜಾಸ್ತಿ ಯಾಕೆ ಅಂದರೆ ಬೈಂಡಿಂಗ್ ಅದನ್ನು ನುಂಗುತ್ತದೆ. ಆದರೆ ಇದು ಸಾಮಾನ್ಯ ಲೆಕ್ಕ, ನಿಮ್ಮ ಹಾಳೆಯಲ್ಲಿ ಬೇರೆ ಇದ್ದರೆ ಅದೇ ಅಂತಿಮ.

ಸೀನಿಯರ್‌ಗಳ ಥೀಸಿಸ್ ಫೈಲನ್ನು ತಂದು ಅದರ ಮೇಲೇ ಬರೆಯಲು ಶುರು ಮಾಡುವುದು ದೊಡ್ಡ ಆಮಿಷ. ನೋಡಿ, ಆದರೆ ಬಳಸಬೇಡಿ. ಅವರ ಕಾಲದ ನಿಯಮ ಬೇರೆ ಇರಬಹುದು. ಅದಕ್ಕಿಂತ ಹೆಚ್ಚಾಗಿ, ಆ ಫೈಲಿನೊಳಗೆ ಅವರು ಎಲ್ಲೆಲ್ಲಿ ಏನೇನು ತೇಪೆ ಹಾಕಿದ್ದಾರೆ ಅಂತ ಅವರಿಗೇ ಗೊತ್ತಿರುವುದಿಲ್ಲ.

2. ಅಸ್ಥಿಪಂಜರ

ಥೀಸಿಸ್‌ಗೆ ಮೂರು ಭಾಗ. ಆರಂಭದ ಪುಟಗಳಲ್ಲಿ ಮುಖಪುಟ, ದೃಢೀಕರಣ ಪತ್ರ, ಘೋಷಣೆ, ಕೃತಜ್ಞತೆ, ಸಾರಾಂಶ, ಪರಿವಿಡಿ, ಕೋಷ್ಟಕಗಳ ಪಟ್ಟಿ, ಚಿತ್ರಗಳ ಪಟ್ಟಿ, ಸಂಕ್ಷೇಪಗಳ ಪಟ್ಟಿ. ನಡುವೆ ಅಧ್ಯಾಯಗಳು. ಹಿಂದೆ ಗ್ರಂಥಋಣ ಮತ್ತು ಅನುಬಂಧಗಳು. ಆರಂಭದ ಪುಟಗಳಿಗೆ ಚಿಕ್ಕ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ 1, 2, 3. ಈ ಕ್ರಮ ಸ್ವಲ್ಪ ಅತ್ತಿತ್ತ ಆಗಬಹುದು, ಹಾಳೆ ನೋಡಿಕೊಳ್ಳಿ.

ಪ್ರಯೋಗ, ಸಮೀಕ್ಷೆ ಇರುವ ವಿಷಯಗಳಲ್ಲಿ ಅಧ್ಯಾಯಗಳ ದಾರಿ ಗೊತ್ತಿರುವುದೇ: ಪೀಠಿಕೆ, ಹಿಂದಿನ ಅಧ್ಯಯನಗಳ ಸಮೀಕ್ಷೆ, ವಿಧಾನ, ಫಲಿತಾಂಶ, ಚರ್ಚೆ, ಸಮಾರೋಪ. ಸಾಹಿತ್ಯ, ಇತಿಹಾಸದಂಥ ವಿಷಯಗಳಲ್ಲಿ ಹೀಗೆ ರೆಡಿ ಅಚ್ಚು ಇಲ್ಲ, ವಾದ ಹೋದಂತೆ ಅಧ್ಯಾಯ. ಎರಡರಲ್ಲೂ ನನಗೆ ಕೆಲಸ ಮಾಡಿದ ಉಪಾಯ ಒಂದೇ. ಪ್ರತಿ ಅಧ್ಯಾಯ ಏನು ಹೇಳುತ್ತದೆ ಅಂತ ಒಂದೊಂದು ಪೂರ್ತಿ ವಾಕ್ಯ ಬರೆಯಿರಿ. "ವಿಧಾನ" ಅಂತಲ್ಲ, "ಸಂದರ್ಶನಕ್ಕಿಂತ ಕಡತಗಳನ್ನೇ ಯಾಕೆ ನಂಬಿದೆ ಅಂತ ಈ ಅಧ್ಯಾಯ ಹೇಳುತ್ತದೆ" ಅಂತ. ಆ ವಾಕ್ಯಗಳನ್ನು ಒಟ್ಟಿಗೆ ಓದಿದರೆ ಕಥೆ ನಡೆಯಬೇಕು. ಎರಡು ವಾಕ್ಯ ಒಂದೇ ಮಾತು ಹೇಳುತ್ತಿದ್ದರೆ ಆ ಎರಡು ಅಧ್ಯಾಯ ಒಂದಾಗಬೇಕು ಅಂತಲೇ ಅರ್ಥ.

ಉಪಶೀರ್ಷಿಕೆಗಳನ್ನು ಮೂರು ಹಂತಕ್ಕೆ ನಿಲ್ಲಿಸಿ. 2.3.1 ಸರಿ. 2.3.1.4.2 ಅಂತ ಬಂದರೆ ಓದುವವರು ದಾರಿ ತಪ್ಪಿರುತ್ತಾರೆ, ಬರೆದವರೂ.

3. ಫೋಲ್ಡರ್, ಫೈಲ್, ಬ್ಯಾಕಪ್

"ಥೀಸಿಸ್ ಫೈನಲ್", "ಥೀಸಿಸ್ ಫೈನಲ್ 2", "ಥೀಸಿಸ್ ನಿಜವಾಗ್ಲೂ ಫೈನಲ್". ಎಲ್ಲರೂ ಕಂಡ ದಾರಿ ಇದು, ಅಲ್ವಾ? ಬದಲಿಗೆ ಫೈಲ್ ಹೆಸರು ದಿನಾಂಕದಿಂದ ಶುರುವಾಗಲಿ, ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ. ಆಗ ಫೋಲ್ಡರಿನಲ್ಲಿ ಫೈಲುಗಳು ತಾವೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಚಾಲ್ತಿಯಲ್ಲಿರುವುದು ಒಂದೇ ಫೈಲ್, ಹಳೆಯವೆಲ್ಲ "ಹಳೆಯದು" ಎಂಬ ಫೋಲ್ಡರಿಗೆ. ಚಿತ್ರಗಳ ಮೂಲ ಫೈಲುಗಳಿಗೆ ಒಂದು ಫೋಲ್ಡರ್, ದತ್ತಾಂಶಕ್ಕೆ ಇನ್ನೊಂದು.

ಬ್ಯಾಕಪ್‌ಗೆ 3-2-1 ಅಂತ ಒಂದು ಹಳೆಯ ಸೂತ್ರವಿದೆ: ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ. ಲ್ಯಾಪ್‌ಟಾಪ್, ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್, ಕ್ಲೌಡ್, ಇಷ್ಟಾದರೆ ಸಾಕು. ಪೆನ್‌ಡ್ರೈವ್ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇದ್ದರೆ ಬ್ಯಾಗ್ ಕಳೆದ ದಿನ ಎರಡೂ ಹೋಗುತ್ತವೆ.

ವರ್ಡಾ, ಲೇಟೆಕ್ಕಾ? ಲೇಟೆಕ್ ಅಂದರೆ ಆದೇಶಗಳನ್ನು ಟೈಪ್ ಮಾಡಿ ಪುಟ ಸಿದ್ಧಪಡಿಸುವ ಸಾಫ್ಟ್‌ವೇರ್. ಸಮೀಕರಣಗಳು ತುಂಬಾ ಇದ್ದರೆ, ಗೈಡ್ ಕೂಡ ಅದನ್ನೇ ಬಳಸುತ್ತಿದ್ದರೆ ಲೇಟೆಕ್. ಅಲ್ಲಿ ಪ್ರತಿ ಅಧ್ಯಾಯಕ್ಕೂ ಬೇರೆ ಫೈಲ್ ಇಟ್ಟು ಒಂದು ಮುಖ್ಯ ಫೈಲಿನಿಂದ ಎಲ್ಲವನ್ನೂ ಕರೆಯುವುದು ಸಲೀಸು, ಸಂಖ್ಯೆಗಳ ತಲೆನೋವೂ ಕಮ್ಮಿ. ಗೈಡ್ ವರ್ಡ್ ಫೈಲಿನಲ್ಲೇ ತಿದ್ದಿ ಕೊಡುವವರಾದರೆ ವರ್ಡ್‌ನಲ್ಲೇ ಇರಿ. ಕೊನೆಯ ಮೂರು ತಿಂಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಬೇಡಿ, ದಯವಿಟ್ಟು. ಮುಂದಿನದನ್ನು ವರ್ಡ್ ಲೆಕ್ಕದಲ್ಲೇ ಹೇಳುತ್ತೇನೆ, ಬಹಳ ಜನ ಒದ್ದಾಡುವುದು ಅಲ್ಲೇ.

4. ಸ್ಟೈಲ್ಸ್: ಇಲ್ಲಿ ಒಂದು ದಿನ ಕೊಡಿ

ಅಧ್ಯಾಯದ ಹೆಸರನ್ನು ಸೆಲೆಕ್ಟ್ ಮಾಡಿ, ಬೋಲ್ಡ್ ಒತ್ತಿ, ಸೈಜ್ 16 ಮಾಡಿ, ನಡುವಿಗೆ ತಂದರೆ ನಿಮ್ಮ ಕಣ್ಣಿಗೆ ಅದು ಶೀರ್ಷಿಕೆ. ವರ್ಡ್ ಕಣ್ಣಿಗೆ ಅದು ದಪ್ಪ ಅಕ್ಷರದ ಒಂದು ಪ್ಯಾರಾ, ಅಷ್ಟೇ. ಪರಿವಿಡಿಗೆ ಅದು ಬರುವುದಿಲ್ಲ, ನಂಬರ್ ಸಿಗುವುದಿಲ್ಲ, ಪಕ್ಕದಲ್ಲಿ ಶೀರ್ಷಿಕೆಗಳನ್ನೆಲ್ಲ ತೋರಿಸುವ ನ್ಯಾವಿಗೇಶನ್ ಪಟ್ಟಿಯಲ್ಲೂ ಕಾಣುವುದಿಲ್ಲ.

ಬದಲಿಗೆ ಹೆಡಿಂಗ್ 1 ಎಂಬ ಸ್ಟೈಲ್ ಕೊಡಿ. ಕಂಟ್ರೋಲ್, ಆಲ್ಟ್, 1 ಒಟ್ಟಿಗೆ ಒತ್ತಿದರೆ ಸಾಕು. ಉಪಶೀರ್ಷಿಕೆಗೆ 2, ಅದರ ಕೆಳಗಿನದಕ್ಕೆ 3. ಅದು ಕಾಣುವ ರೀತಿ ಇಷ್ಟವಾಗದಿದ್ದರೆ ಸ್ಟೈಲ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಮಾಡಿಫೈ ಒತ್ತಿ, ಒಂದು ಸಲ ಬದಲಿಸಿ, ಇನ್ನೂರು ಪುಟದಲ್ಲೂ ಬದಲಾಗುತ್ತದೆ. ಹೆಡಿಂಗ್ 1ರ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ "ಪೇಜ್ ಬ್ರೇಕ್ ಬಿಫೋರ್" ಟಿಕ್ ಮಾಡಿ, ಪ್ರತಿ ಅಧ್ಯಾಯವೂ ಹೊಸ ಪುಟದಲ್ಲಿ ತಾನೇ ಶುರುವಾಗುತ್ತದೆ. ಎಲ್ಲ ಹೆಡಿಂಗ್‌ಗಳಿಗೂ "ಕೀಪ್ ವಿತ್ ನೆಕ್ಸ್ಟ್" ಇರಲಿ. ಇಲ್ಲದಿದ್ದರೆ ಶೀರ್ಷಿಕೆ ಪುಟದ ತಳದಲ್ಲಿ ಒಂಟಿಯಾಗಿ ನಿಂತು, ಅದರ ಪ್ಯಾರಾ ಮುಂದಿನ ಪುಟಕ್ಕೆ ಹೋಗಿರುತ್ತದೆ.

ಸಾಮಾನ್ಯ ಪ್ಯಾರಾಗೂ ಒಂದು ಸ್ಟೈಲ್, ಉದ್ದ ಉದ್ಧರಣೆಗೆ ಒಂದು, ಕೋಷ್ಟಕದೊಳಗಿನ ಅಕ್ಷರಕ್ಕೆ ಒಂದು. ಎಷ್ಟು ಉದ್ದವಿದ್ದರೆ ಉದ್ಧರಣೆ ಬೇರೆ ಪ್ಯಾರಾ ಆಗಬೇಕು ಅಂತ ಕೇಳಿದರೆ, ಎಪಿಎ ಎಂಬ ಉಲ್ಲೇಖ ಶೈಲಿಯ ಪ್ರಕಾರ 40 ಪದ ಮತ್ತು ಮೇಲೆ, ಎಂಎಲ್‌ಎ ಎಂಬ ಇನ್ನೊಂದು ಶೈಲಿಯ ಪ್ರಕಾರ ಗದ್ಯವಾದರೆ ನಾಲ್ಕು ಸಾಲಿಗಿಂತ ಹೆಚ್ಚು.

1.1, 1.2 ಎಂಬ ನಂಬರುಗಳಿಗೆ ಮಲ್ಟಿಲೆವೆಲ್ ಲಿಸ್ಟ್ ಗುಂಡಿ ಒತ್ತಿ, ಹೆಡಿಂಗ್ 1, ಹೆಡಿಂಗ್ 2 ಅಂತ ಹೆಸರಿರುವ ಮಾದರಿಯನ್ನೇ ಆರಿಸಿ. ಆಗ ನಂಬರ್ ಸ್ಟೈಲಿಗೆ ಅಂಟಿಕೊಳ್ಳುತ್ತದೆ. ನಾಲ್ಕನೇ ಅಧ್ಯಾಯವನ್ನು ಎತ್ತಿ ಎರಡನೆಯದರ ಮುಂದೆ ಇಟ್ಟರೂ ಎಲ್ಲ ನಂಬರೂ ತಾವೇ ಸರಿಹೋಗುತ್ತವೆ. ನ್ಯಾವಿಗೇಶನ್ ಪಟ್ಟಿಯಲ್ಲಿ ಶೀರ್ಷಿಕೆಯನ್ನು ಹಿಡಿದು ಎಳೆದರೆ ಅದರಡಿಯ ಪುಟಗಳೆಲ್ಲ ಜೊತೆಗೇ ಬರುತ್ತವೆ. ಮೊದಲ ಸಲ ನೋಡಿದಾಗ ನಾನು ಸುಮ್ನೆ ಖುಷಿಗೆ ಎರಡು ಮೂರು ಸಲ ಎಳೆದಾಡಿದ್ದೆ.

ಎಂಟರ್ ಮತ್ತು ಸ್ಪೇಸ್‌ಬಾರನ್ನು ಜಾಗ ಹೊಂದಿಸಲು ಬಳಸುವ ಚಟವಿದ್ದರೆ ಬಿಡಿ. ಕಂಟ್ರೋಲ್, ಶಿಫ್ಟ್, 8 ಒತ್ತಿ, ಕಾಣದ ಗುರುತುಗಳೆಲ್ಲ ಕಾಣುತ್ತವೆ. ಒಂದರ ಕೆಳಗೊಂದು ಪ್ಯಾರಾ ಗುರುತು ಏಳೆಂಟು ನಿಂತಿದ್ದರೆ, ಅಲ್ಲಿ ಯಾರೋ ಎಂಟರ್ ಒತ್ತಿ ಒತ್ತಿ ಮುಂದಿನ ಪುಟಕ್ಕೆ ಹೋಗಿದ್ದಾರೆ. ಮೇಲೆ ಒಂದು ಸಾಲು ಸೇರಿದ ದಿನ ಅದೆಲ್ಲ ಜಾರುತ್ತದೆ.

ಕನ್ನಡದಲ್ಲೇ ಥೀಸಿಸ್ ಬರೆಯುವವರಿಗೆ ಎರಡು ಮಾತು. ಯೂನಿಕೋಡ್ ಫಾಂಟಿನಲ್ಲೇ ಬರೆಯಿರಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಗೀಚಿದಂತೆ ಕಾಣುತ್ತದೆ, ಪಿಡಿಎಫ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಇನ್ನೊಂದು, ಸ್ಟೈಲಿನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಬದಲಾಗಲಿಲ್ಲ ಅಂದರೆ, ಫಾಂಟ್ ಕಿಟಕಿಯಲ್ಲಿ "ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್" ಎಂಬ ಬೇರೆ ಜಾಗ ನೋಡಿ. ಕನ್ನಡದ ಫಾಂಟ್ ಮತ್ತು ಸೈಜನ್ನು ವರ್ಡ್ ಅಲ್ಲಿಂದ ತೆಗೆದುಕೊಳ್ಳುತ್ತದೆ, ಮೇಲಿನ ಜಾಗದಿಂದಲ್ಲ.

5. ಪುಟಸಂಖ್ಯೆ

ರೋಮನ್‌ನಿಂದ 1, 2, 3ಕ್ಕೆ ಬದಲಾಗುವ ಜಾಗದಲ್ಲೇ ಹೆಚ್ಚಿನವರು ಕೈಚೆಲ್ಲಿ ಎರಡು ಫೈಲ್ ಮಾಡಿಬಿಡುತ್ತಾರೆ. ಅಷ್ಟು ಕಷ್ಟವಿಲ್ಲ. ವರ್ಡ್‌ನಲ್ಲಿ ಪುಟಸಂಖ್ಯೆಯ ರೀತಿ ಪುಟಕ್ಕೆ ಸೇರಿದ್ದಲ್ಲ, ಸೆಕ್ಷನ್‌ಗೆ, ಅಂದರೆ ಫೈಲಿನೊಳಗೆ ನೀವು ಬ್ರೇಕ್ ಹಾಕಿ ಮಾಡಿಕೊಳ್ಳುವ ಭಾಗಕ್ಕೆ, ಸೇರಿದ್ದು. ಇದೊಂದು ತಲೆಗೆ ಹೋದರೆ ಉಳಿದದ್ದು ಸಲೀಸು.

ಮೊದಲ ಅಧ್ಯಾಯದ ಶೀರ್ಷಿಕೆಯ ಮುಂದೆ ಕರ್ಸರ್ ಇಡಿ. ಲೇಔಟ್, ಬ್ರೇಕ್ಸ್, ಅದರಲ್ಲಿ ಸೆಕ್ಷನ್ ಬ್ರೇಕ್‌ಗಳ ಕೆಳಗಿನ ನೆಕ್ಸ್ಟ್ ಪೇಜ್ ಒತ್ತಿ. ಈಗ ಮೊದಲ ಅಧ್ಯಾಯದ ಪುಟದ ತಳದಲ್ಲಿ ಡಬಲ್ ಕ್ಲಿಕ್ ಮಾಡಿ. ಮೇಲೆ "ಲಿಂಕ್ ಟು ಪ್ರೀವಿಯಸ್" ಅಂತ ಒಂದು ಗುಂಡಿ ಹೊಳೆಯುತ್ತಿರುತ್ತದೆ, ಅದನ್ನು ಒತ್ತಿ ಆಫ್ ಮಾಡಿ. ಇದೇ ಎಲ್ಲರೂ ಮರೆಯುವ ಹೆಜ್ಜೆ. ಹೆಡರ್‌ಗೆ ಬೇರೆ, ಫುಟರ್‌ಗೆ ಬೇರೆ ಲಿಂಕ್ ಇರುತ್ತದೆ, ಎರಡರಲ್ಲೂ ಆಫ್ ಮಾಡಬೇಕು. ಆಮೇಲೆ ಫಾರ್ಮ್ಯಾಟ್ ಪೇಜ್ ನಂಬರ್ಸ್‌ಗೆ ಹೋಗಿ 1, 2, 3 ಆರಿಸಿ, "ಸ್ಟಾರ್ಟ್ ಅಟ್" ಜಾಗದಲ್ಲಿ 1 ಕೊಡಿ. ಮೊದಲ ಸೆಕ್ಷನ್‌ಗೆ ವಾಪಸ್ ಬಂದು ಅಲ್ಲಿ ರೋಮನ್ ಆರಿಸಿ. ಮುಖಪುಟದಲ್ಲಿ ಸಂಖ್ಯೆ ಕಾಣಬಾರದು ಅಂದರೆ "ಡಿಫರೆಂಟ್ ಫಸ್ಟ್ ಪೇಜ್" ಟಿಕ್ ಮಾಡಿ. ಎಣಿಕೆಗೆ ಅದು ಸೇರುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಅಗಲವಾದ ಕೋಷ್ಟಕಕ್ಕೆ ಒಂದು ಪುಟವನ್ನು ಅಡ್ಡ ತಿರುಗಿಸಬೇಕಾದರೂ ಇದೇ ಕಥೆ. ಆ ಪುಟದ ಹಿಂದೆ ಒಂದು, ಮುಂದೆ ಒಂದು ಸೆಕ್ಷನ್ ಬ್ರೇಕ್ ಹಾಕಿ, ನಡುವಿನದನ್ನು ಮಾತ್ರ ಲ್ಯಾಂಡ್‌ಸ್ಕೇಪ್ ಮಾಡಿ. ಹಾಗೆ ಮಾಡಿದ ಮೇಲೆ ಮುಂದಿನ ಸೆಕ್ಷನ್ ಮತ್ತೆ 1ರಿಂದ ಎಣಿಸಲು ಶುರುಮಾಡಿಲ್ಲ ತಾನೇ ಅಂತ ನೋಡಿ. ಮಾಡಿದ್ದರೆ "ಕಂಟಿನ್ಯೂ ಫ್ರಮ್ ಪ್ರೀವಿಯಸ್ ಸೆಕ್ಷನ್" ಆರಿಸಿ.

6. ಚಿತ್ರ, ಕೋಷ್ಟಕ, ಮತ್ತು ಅವುಗಳನ್ನು ಕರೆಯುವ ರೀತಿ

ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್ಸರ್ಟ್ ಕ್ಯಾಪ್ಶನ್. "ಚಿತ್ರ" ಅಂತ ಹೊಸ ಲೇಬಲ್ ಮಾಡಿಕೊಳ್ಳಬಹುದು. ನಂಬರಿಂಗ್ ಆಯ್ಕೆಯಲ್ಲಿ ಅಧ್ಯಾಯದ ಸಂಖ್ಯೆಯನ್ನೂ ಸೇರಿಸು ಅಂತ ಹೇಳಿ, ಸೆಪರೇಟರ್ ಜಾಗದಲ್ಲಿ ಚುಕ್ಕೆ ಆರಿಸಿದರೆ 3.4 ಎಂಬ ರೂಪ ಬರುತ್ತದೆ. ಹೆಡಿಂಗ್ 1ಕ್ಕೆ ನಂಬರ್ ಕೊಟ್ಟಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ರೂಢಿಯಲ್ಲಿ ಕೋಷ್ಟಕದ ಹೆಸರು ಮೇಲೆ, ಚಿತ್ರದ ಹೆಸರು ಕೆಳಗೆ.

ಪಠ್ಯದಲ್ಲಿ ಆ ಚಿತ್ರದ ಮಾತು ಬಂದಾಗ "ಚಿತ್ರ 3.4" ಅಂತ ಬೆರಳಿಂದ ಹೊಡೆಯಬೇಡಿ. ರೆಫರೆನ್ಸಸ್ ಟ್ಯಾಬ್‌ನಲ್ಲಿ ಕ್ರಾಸ್ ರೆಫರೆನ್ಸ್ ತೆರೆದು, ಪಟ್ಟಿಯಿಂದ ಆ ಚಿತ್ರ ಆರಿಸಿ, "ಓನ್ಲಿ ಲೇಬಲ್ ಅಂಡ್ ನಂಬರ್" ಕೊಡಿ. "ಕೆಳಗಿನ ಚಿತ್ರದಲ್ಲಿ ಕಾಣುವಂತೆ" ಅಂತಲೂ ಬರೆಯಬೇಡಿ. ನಾಳೆ ಆ ಚಿತ್ರ ಮೇಲಿನ ಪುಟಕ್ಕೆ ಹೋಗಿರುತ್ತದೆ.

ಚಿತ್ರ ಎಷ್ಟು ದೊಡ್ಡದಿರಬೇಕು? ಎ4 ಹಾಳೆಯ ಅಗಲ 210 ಮಿಲಿಮೀಟರ್. ಎಡಕ್ಕೆ 38, ಬಲಕ್ಕೆ 25 ಕಳೆಯಿರಿ. ಉಳಿದದ್ದು 147, ಅಂದರೆ ಸುಮಾರು 5.8 ಇಂಚು. ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಪೂರ್ತಿ ಅಗಲದ ಚಿತ್ರಕ್ಕೆ ಸುಮಾರು 1,740 ಪಿಕ್ಸೆಲ್ ಬೇಕು. ಫೋನಿಗೆ ಬಂದ 600 ಪಿಕ್ಸೆಲ್ ಚಿತ್ರವನ್ನು ಹಿಗ್ಗಿಸಿದರೆ ಸ್ಕ್ರೀನಿನಲ್ಲಿ ಪರವಾಗಿಲ್ಲ ಅನ್ನಿಸಬಹುದು, ಕಾಗದದಲ್ಲಿ ಮಂಜು ಕವಿದಂತೆ ಇರುತ್ತದೆ. ಮತ್ತೆ, ಸೇವ್ ಮಾಡುವಾಗ ವರ್ಡ್ ನಿಮ್ಮನ್ನು ಕೇಳದೆಯೇ ಚಿತ್ರಗಳನ್ನು ಕುಗ್ಗಿಸುತ್ತದೆ. ಆಪ್ಶನ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ "ಡು ನಾಟ್ ಕಂಪ್ರೆಸ್ ಇಮೇಜಸ್ ಇನ್ ಫೈಲ್" ಟಿಕ್ ಮಾಡಿ, ಅದೂ ಚಿತ್ರ ಸೇರಿಸುವ ಮೊದಲೇ. ಗ್ರಾಫ್‌ಗಳನ್ನು ಆದಷ್ಟು ವೆಕ್ಟರ್ ರೂಪದಲ್ಲಿ ಸೇರಿಸಿ, ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಕಪ್ಪುಬಿಳುಪು ಪ್ರಿಂಟ್‌ನಲ್ಲಿ ಕೆಂಪು ಗೆರೆ ಮತ್ತು ಹಸಿರು ಗೆರೆ ಎರಡೂ ಬೂದಿ ಬಣ್ಣವೇ. ಒಂದನ್ನು ಚುಕ್ಕೆ ಗೆರೆ ಮಾಡಿ.

ಕೋಷ್ಟಕ ಎರಡು ಪುಟಕ್ಕೆ ಹರಿದರೆ "ರಿಪೀಟ್ ಹೆಡರ್ ರೋಸ್" ಒತ್ತಿ. ಯಾವುದೇ ಕೋಷ್ಟಕವನ್ನು ಸ್ಕ್ರೀನ್‌ಶಾಟ್ ಆಗಿ ಅಂಟಿಸಬೇಡಿ. ಗೈಡ್ ಒಂದು ಅಂಕಿ ಬದಲಿಸಿ ಅಂದಾಗ ಗೊತ್ತಾಗುತ್ತದೆ ಯಾಕೆ ಅಂತ.

7. ಉಲ್ಲೇಖಗಳು

ಉಲ್ಲೇಖಗಳನ್ನು ಸೇರಿಸಿಟ್ಟು ಪಟ್ಟಿ ಮಾಡಿಕೊಡುವ ಸಾಫ್ಟ್‌ವೇರ್‌ಗಳಿವೆ: ಜೊಟೆರೊ, ಮೆಂಡಲೇ, ಎಂಡ್‌ನೋಟ್. ಯಾವುದಾದರೂ ಒಂದನ್ನು ಮೊದಲ ದಿನವೇ ಹಿಡಿಯಿರಿ. ಜೊಟೆರೊ ಉಚಿತ, ನಾನು ಬಳಸಿದ್ದು ಅದನ್ನೇ. ಲೇಖನ ಓದಿದ ಕೂಡಲೇ ಅದಕ್ಕೆ ಸೇರಿಸಿ, ವರ್ಡ್‌ನಲ್ಲಿ ಅದರ ಗುಂಡಿಯಿಂದಲೇ ಉಲ್ಲೇಖ ಹಾಕಿ, ಗ್ರಂಥಋಣದ ಪಟ್ಟಿ ತಾನೇ ಬೆಳೆಯುತ್ತದೆ. ಐಇಇಇ ಶೈಲಿಯಲ್ಲಿ ಉಲ್ಲೇಖಗಳಿಗೆ ಬರುವ ಕ್ರಮದಲ್ಲಿ ನಂಬರ್. ಪೀಠಿಕೆಗೆ ಹೊಸದೊಂದು ಉಲ್ಲೇಖ ಸೇರಿದರೆ ಅದರ ನಂತರ ಮೊದಲ ಸಲ ಬರುವ ಎಲ್ಲವೂ ಒಂದೊಂದು ಮುಂದೆ ಸರಿಯಬೇಕು. ಕೈಯಲ್ಲಿ ಅದನ್ನು ಮಾಡಿದವರು ಎರಡನೇ ಸಲ ಮಾಡುವುದಿಲ್ಲ.

ಆದರೆ ಸಾಫ್ಟ್‌ವೇರ್ ಕುರುಡು. ವೆಬ್‌ಸೈಟಿನಿಂದ ಎಳೆದ ಮಾಹಿತಿಯಲ್ಲಿ ಲೇಖಕರ ಹೆಸರೆಲ್ಲ ದೊಡ್ಡಕ್ಷರದಲ್ಲಿರಬಹುದು, ವರ್ಷ ಇಲ್ಲದಿರಬಹುದು, ಹೆಸರು ಮತ್ತು ಮನೆತನದ ಹೆಸರು ಅದಲುಬದಲಾಗಿರಬಹುದು. ಸೇರಿಸಿದ ದಿನವೇ ಅರ್ಧ ನಿಮಿಷ ಕೊಟ್ಟು ಸರಿಮಾಡಿ. ತಪ್ಪು ಕಂಡರೆ ಜೊಟೆರೊ ಒಳಗೆ ತಿದ್ದಿ, ವರ್ಡ್‌ನಲ್ಲಿ ಕಾಣುವ ಪಟ್ಟಿಯನ್ನು ತಿದ್ದಬೇಡಿ, ಮುಂದಿನ ರಿಫ್ರೆಶ್‌ಗೆ ನೀವು ತಿದ್ದಿದ್ದೆಲ್ಲ ಮಾಯ. ಶೈಲಿಯ ಆವೃತ್ತಿಯನ್ನೂ ಗಮನಿಸಿ. ಎಪಿಎ 7ನೇ ಆವೃತ್ತಿ 2019ರಲ್ಲಿ ಬಂತು, ಅದರ ಪಟ್ಟಿಯಲ್ಲಿ 20 ಲೇಖಕರವರೆಗೂ ಎಲ್ಲರ ಹೆಸರು ಬರೆಯಬೇಕು. 6ನೆಯದರಲ್ಲಿ ಆ ಮಿತಿ 7 ಇತ್ತು.

ಕನ್ನಡ ಮತ್ತು ಇಂಗ್ಲಿಷ್ ಗ್ರಂಥಗಳು ಎರಡೂ ಇದ್ದರೆ ಒಂದೇ ಪಟ್ಟಿಯೋ ಎರಡೋ ಅಂತ ಗೈಡ್ ಹತ್ತಿರ ಮೊದಲೇ ಕೇಳಿಬಿಡಿ.

8. ತಿದ್ದುಪಡಿಗಳ ಕಾಲ

ಗೈಡ್‌ಗೆ ಕೊಡುವಾಗ, ತಿದ್ದಿದ್ದನ್ನೆಲ್ಲ ಬಣ್ಣದಲ್ಲಿ ಗುರುತು ಹಾಕಿ ತೋರಿಸುವ ಟ್ರ್ಯಾಕ್ ಚೇಂಜಸ್ ಆನ್ ಇರಲಿ. ಅವರ ಹತ್ತಿರ ಎರಡನೇ ಅಧ್ಯಾಯ ಇರುವಾಗ ನೀವು ಅದೇ ಅಧ್ಯಾಯ ತಿದ್ದುತ್ತಾ ಕೂರಬೇಡಿ, ಬೇರೆಯದಕ್ಕೆ ಹೋಗಿ. ತಿದ್ದಿಯೇಬಿಟ್ಟಿದ್ದರೆ ರಿವ್ಯೂ ಟ್ಯಾಬ್‌ನ ಕಂಪೇರ್ ಎರಡು ಫೈಲುಗಳ ವ್ಯತ್ಯಾಸ ತೋರಿಸುತ್ತದೆ. ಬೇರೆ ಕಡೆಯಿಂದ ಪಠ್ಯ ತಂದು ಅಂಟಿಸುವಾಗ "ಕೀಪ್ ಟೆಕ್ಸ್ಟ್ ಓನ್ಲಿ" ಆರಿಸಿ. ಇಲ್ಲದಿದ್ದರೆ ಅದರ ಹಿಂದೆಯೇ ಹತ್ತು ಅಪರಿಚಿತ ಸ್ಟೈಲುಗಳು ನಿಮ್ಮ ಫೈಲಿಗೆ ಬಂದು ಸೇರುತ್ತವೆ. ಉಲ್ಲೇಖ, ಕ್ರಾಸ್ ರೆಫರೆನ್ಸ್ ಇರುವ ಪ್ಯಾರಾಗೆ ಮಾತ್ರ ಇದನ್ನು ಮಾಡಬೇಡಿ, ಅವು ಬರೀ ಅಕ್ಷರವಾಗಿಬಿಡುತ್ತವೆ.

ಒಂದೇ ಪದವನ್ನು ಎರಡು ರೀತಿ ಬರೆದಿದ್ದೀರಾ ಅಂತ ಹುಡುಕಿ. "ದತ್ತಾಂಶ" ಒಂದು ಕಡೆ, "ಮಾಹಿತಿ" ಇನ್ನೊಂದು ಕಡೆ, ಎರಡೂ ಒಂದೇ ಅರ್ಥದಲ್ಲಿ ಬಂದಿದ್ದರೆ ಪರೀಕ್ಷಕರು ಹಿಡಿಯುತ್ತಾರೆ. ಸಾರಾಂಶವನ್ನು ಕೊನೆಗೆ ಬರೆಯಿರಿ. ಮೊದಲೇ ಬರೆದದ್ದಿದ್ದರೆ ಅದರಲ್ಲಿ ನೀವು ಮಾಡದೇ ಬಿಟ್ಟ ಕೆಲಸವೂ ಇರುತ್ತದೆ.

9. ಪ್ರಿಂಟ್‌ಗೆ ಕೊಡುವ ಮೊದಲು

ಫೈಲಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಟ್ರ್ಯಾಕ್ ಚೇಂಜಸ್‌ನ ಬಣ್ಣಗಳೆಲ್ಲ ಒಪ್ಪಿಕೊಂಡು ಮುಗಿದಿರಬೇಕು. ಕಂಟ್ರೋಲ್ ಎ, ಆಮೇಲೆ ಎಫ್9 ಒತ್ತಿ, ವರ್ಡ್ ಎಲ್ಲ ನಂಬರುಗಳನ್ನೂ ಇನ್ನೊಮ್ಮೆ ಲೆಕ್ಕ ಹಾಕುತ್ತದೆ. ಪರಿವಿಡಿಯ ಬಗ್ಗೆ ಕೇಳಿದಾಗ "ಅಪ್‌ಡೇಟ್ ಎಂಟೈರ್ ಟೇಬಲ್" ಒತ್ತಿ. ಇನ್ನೊಂದು ಸಲ ಅದನ್ನೇ ಮಾಡಿ, ಮೊದಲ ಸಲ ಪರಿವಿಡಿ ಉದ್ದವಾಗಿ ಪುಟಗಳು ಜರುಗಿರಬಹುದು. ಅಡಿಟಿಪ್ಪಣಿ ಮತ್ತು ಟೆಕ್ಸ್ಟ್ ಬಾಕ್ಸ್‌ಗಳ ಒಳಗಿನವು ಕಂಟ್ರೋಲ್ ಎ ಕೈಗೆ ಸಿಗುವುದಿಲ್ಲ, ಅಲ್ಲಿಗೆ ಹೋಗಿ ಬೇರೆಯಾಗಿ ಮಾಡಬೇಕು. ಈಗ "ಎರರ್!" ಅಂತ ಹುಡುಕಿ. ನನ್ನ ಥೀಸಿಸ್‌ಗೆ ಇಪ್ಪತ್ತು ಸೆಕೆಂಡಿನ ಈ ಹುಡುಕಾಟ ಸಾಕಾಗುತ್ತಿತ್ತು.

ಪಿಡಿಎಫ್ ಮಾಡುವಾಗ ಪ್ರಿಂಟ್ ಮೆನುವಿನಿಂದ ಬೇಡ, ಸೇವ್ ಆಸ್‌ನಿಂದ ಮಾಡಿ, ಆಪ್ಶನ್ಸ್‌ನಲ್ಲಿ ಹೆಡಿಂಗ್‌ಗಳಿಂದ ಬುಕ್‌ಮಾರ್ಕ್ ಮಾಡು ಅಂತ ಹೇಳಿ. ಪಿಡಿಎಫ್/ಎ ಕೇಳಿದ್ದರೆ ಅದೇ ಜಾಗದಲ್ಲಿ ಟಿಕ್ ಇದೆ. ಅದು ಫಾಂಟುಗಳನ್ನೆಲ್ಲ ಫೈಲಿನೊಳಗೇ ಇಟ್ಟು, ವರ್ಷಗಳ ನಂತರವೂ ಹಾಗೇ ತೆರೆಯುವಂತೆ ಮಾಡುವ ರೂಪ. ಆ ಪಿಡಿಎಫನ್ನು ಬೇರೆಯವರ ಕಂಪ್ಯೂಟರಿನಲ್ಲಿ ತೆರೆದು, ಪುಟ ಪುಟ ನೋಡಿ. ಓದಬೇಡಿ, ನೋಡಿ. ಓದಲು ಹೋದರೆ ವಾಕ್ಯ ತಿದ್ದುವ ಮನಸ್ಸಾಗುತ್ತದೆ.

ಪ್ರಿಂಟ್ ಕಿಟಕಿಯಲ್ಲಿ "ಫಿಟ್ ಟು ಪೇಜ್" ಇದ್ದರೆ ತೆಗೆದು "ಆಕ್ಚುವಲ್ ಸೈಜ್" ಮಾಡಿಸಿ. ಇಲ್ಲದಿದ್ದರೆ ಎಲ್ಲವೂ ಸ್ವಲ್ಪ ಕುಗ್ಗಿ, ನೀವು ಕಷ್ಟಪಟ್ಟು ಕೂರಿಸಿದ ಮಾರ್ಜಿನ್ ಸ್ಕೇಲ್ ಇಟ್ಟು ಅಳೆದಾಗ ಬೇರೆಯೇ ಬರುತ್ತದೆ. ಮೊದಲು ಒಂದೇ ಪ್ರತಿ ತೆಗೆಸಿ, ಒಂದು ಪುಟಕ್ಕೆ ಸ್ಕೇಲ್ ಇಟ್ಟು ನೋಡಿ, ಅಡ್ಡ ತಿರುಗಿದ ಪುಟಗಳ ತಲೆ ಬೈಂಡಿಂಗ್ ಕಡೆಗಿದೆಯಾ ನೋಡಿ, ಪುಟಸಂಖ್ಯೆಗಳನ್ನು ಬೆರಳಲ್ಲಿ ಮಗುಚುತ್ತಾ ಕೊನೆಯವರೆಗೆ ಹೋಗಿ. ಉಳಿದ ಪ್ರತಿಗಳನ್ನು ಅದು ಮುಗಿದ ಮೇಲೆ ತೆಗೆಸಿದರಾಯಿತು.